ಗೌರಿಯನ್ನು ಕಾಡಿಗೆ ಬಿಟ್ಟು ಬಂದದ್ದು

ಪುಟ್ಟೇನಹಳ್ಳಿಯ ತೋಟದ ಗೇಟು ದಾಟಿದಾಗ ಇನ್ನೂ ಬಿಸಿಲು ಬಂದಿರಲಿಲ್ಲ. ಮುಂದೆ ಗೌರಿ, ಅವಳ ಕತ್ತಿನ ಮೇಲೆ ಮಾವುತ ಬಾಷಾ ಸಾಹೇಬರು, ಅವಳ ಕಿವಿಗೆ ಅಂಟಿಕೊಂಡಂತೆ ನಡೆಯುತ್ತ ನಮ್ಮ ಯಜಮಾನರು. ಹಿಂದೆ ಎತ್ತಿನ ಗಾಡಿಯಲ್ಲಿ ಹುಲ್ಲಿನ ಹೊರೆ, ರಾಗಿ ಮೂಟೆ, ಬೆಲ್ಲದ ಅಚ್ಚುಗಳ ನಡುವೆ ನಾನು ಮತ್ತು ಬಾಷಾ ಸಾಹೇಬರ ಹೆಂಡತಿ ಕುಲ್ಸುಂಬಿ. ಗೌರಿ ಹೆಣ್ಣಾನೆ. ಅವಳಿಗೊಂದು ಗಂಡು ಹುಡುಕಲು ನಾವು ಕಾಕನಕೋಟೆಯ ಕಾಡಿಗೆ ಹೊರಟಿದ್ದೆವು. ಐವತ್ತರ ದಶಕ ಮುಗಿಯುತ್ತಿದ್ದ ಕಾಲ ಅದು.

ನಮ್ಮವರು ಪಶುವೈದ್ಯರು. ನಮ್ಮ ಮನೆ ಹೆಬ್ಬಾಳದಲ್ಲಿ. ಪುಟ್ಟೇನಹಳ್ಳಿಯಲ್ಲಿ ಒಬ್ಬ ಶ್ರೀಮಂತರು ತಮ್ಮ ತೋಟದೊಳಗೆ ಸಣ್ಣ ಮೃಗಾಲಯ ಮಾಡಿಕೊಂಡಿದ್ದರು. ಜಿಂಕೆ, ನವಿಲು, ಒಂದು ಮುದಿ ಚಿರತೆ, ಎರಡು ಆನೆ. ಗೌರಿಗೂ ಗಂಡಾನೆ ರಾಜನಿಗೂ ಒಂದು ಮರಿ ಆಗಬೇಕೆಂದು ಅವರ ಆಸೆ. ಅದಕ್ಕಾಗಿ ನಮ್ಮವರು ಎರಡು ವರ್ಷ ಪಟ್ಟ ಪಾಡು ಅಷ್ಟಿಷ್ಟಲ್ಲ. ರಾಜನಿಗೆ ಮದ ಬಂದು ಕಪೋಲದಿಂದ ಕಪ್ಪು ನೀರು ಸೋರುವಾಗ ಅವನ ಸರಪಳಿ ಬಿಚ್ಚುವ ಧೈರ್ಯ ಯಾರಿಗೂ ಇರಲಿಲ್ಲ. ಮದ ಇಳಿದ ಮೇಲೆ ಜೊತೆಗೆ ಬಿಟ್ಟರೆ ಗೌರಿಯನ್ನು ಒಂದು ಸಲ ಮೂಸಿ ಹುಲ್ಲಿನ ಕಡೆ ತಿರುಗುತ್ತಿದ್ದ. ಇಬ್ಬರೂ ಮರಿಗಳಾಗಿದ್ದಾಗಿನಿಂದ ಒಂದೇ ಕೊಟ್ಟಿಗೆಯಲ್ಲಿ ಬೆಳೆದವರು. "ಅಣ್ಣ ತಂಗಿ ಥರ ಆಗಿಬಿಟ್ಟಿದಾರೆ ಕಣೇ. ಕಾಡಲ್ಲಾದ್ರೆ ಗಂಡು ವಯಸ್ಸಿಗೆ ಬರ್ತಿದ್ದ ಹಾಗೇ ಹಿಂಡು ಬಿಟ್ಟು ಹೋಗುತ್ತೆ. ಹೆಣ್ಣನ್ನ ಹುಡುಕ್ಕೊಂಡು ಬರೋದು ಬೇರೆ ಗಂಡು. ಹೆಣ್ಣು ಓಡಬೇಕು, ಅವನು ಅಟ್ಟಿಸ್ಕೊಂಡು ಹೋಗಬೇಕು. ಇಲ್ಲಿ ಓಡೋಕೆ ಜಾಗ ಎಲ್ಲಿದೆ?" ಎಂದು ನಮ್ಮವರು ಸಾರು ಅನ್ನ ಕಲಸುತ್ತ ಹೇಳುತ್ತಿದ್ದರು. ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಬೇರೆ ಮಾತೇ ಇರಲಿಲ್ಲ.

ಗಂಡ ಇನ್ನೊಬ್ಬ ಹೆಂಗಸಿನ ಹಿಂದೆ ಹೋದರೆ ತವರಿನಲ್ಲಿ ಹೇಳಿಕೊಂಡು ಅಳಬಹುದು. ಆನೆಯ ವಿಷಯ ಯಾರಿಗೆ ಹೇಳಲಿ? ಗೌರಿ ಇವತ್ತು ಕಿವಿ ಹೇಗೆ ಬೀಸಿದಳು, ಮೇವು ಯಾಕೆ ಬಿಟ್ಟಳು ಎಂದು ಅವರಿಗೆ ಗೊತ್ತಿತ್ತು. ಒಂದು ವಾರ ನಾನು ಜ್ವರದಲ್ಲಿ ಮಲಗಿದ್ದು ಅವರಿಗೆ ಗೊತ್ತಾದದ್ದು ಪಕ್ಕದ ಮನೆಯವರು ಗಂಜಿ ತಂದಾಗ. ಈ ಸಲ ನಾನೂ ಬರುತ್ತೇನೆಂದು ಹಟ ಹಿಡಿದಾಗ ಅವರು ಒಪ್ಪಿದ್ದು ರಾಗಿ ಬೇಯಿಸಲು ಕೈ ಬೇಕಿತ್ತೆಂದು. ನಾನು ದೊಡ್ಡ ಟ್ರಂಕಿನಲ್ಲಿ ನನ್ನ ಸೀರೆಗಳನ್ನೆಲ್ಲ ತುಂಬಿದೆ. ಈ ಪ್ರಯಾಣವೂ ಹೀಗೇ ಮುಗಿದರೆ ಹಿಂದಿರುಗುವಾಗ ಹೆಬ್ಬಾಳಕ್ಕೆ ಬರದೆ ನೇರ ದೊಡ್ಡಬಳ್ಳಾಪುರಕ್ಕೆ, ಅಣ್ಣನ ಮನೆಗೆ ಹೋಗಿಬಿಡುವುದೆಂದು ಒಳಗೇ ತೀರ್ಮಾನಿಸಿದ್ದೆ.

ಯಲಹಂಕ ದಾಟಿ ಜಕ್ಕೂರಿನ ಹತ್ತಿರ ಬಂದಾಗ ವಿಮಾನದ ಮೈದಾನದಿಂದ ಒಂದು ಪುಟ್ಟ ವಿಮಾನ ಎದ್ದು ನಮ್ಮ ತಲೆಯ ಮೇಲೇ ಹಾದುಹೋಯಿತು. ಗೌರಿ ನಿಂತುಬಿಟ್ಟಳು. ಮೈಯೆಲ್ಲ ನಡುಗುತ್ತಿತ್ತು. ನಮ್ಮವರು ಅವಳ ಸೊಂಡಿಲಿಗೆ ಕೆನ್ನೆಯಿಟ್ಟು, "ಏನಿಲ್ಲ ಕಣಮ್ಮಾ, ಏನಿಲ್ಲ, ನಾನಿಲ್ವಾ?" ಎಂದರು. ನಾಲ್ಕು ವರ್ಷದ ಸಂಸಾರದಲ್ಲಿ ಆ ದನಿಯನ್ನು ನಾನು ಕೇಳಿಯೇ ಇರಲಿಲ್ಲ. ಗಾಡಿಯ ಮೇಲೆ ಕೂತು ಹುಲ್ಲಿನ ಕಡ್ಡಿಯನ್ನು ಚೂರು ಚೂರು ಮಾಡಿದೆ.

ಹೆಬ್ಬಾಳದ ಕೆರೆಯಲ್ಲಿ ಗೌರಿ ನೀರು ಕುಡಿಯುವಾಗ ಬಟ್ಟೆ ಒಗೆಯುತ್ತಿದ್ದ ಹೆಂಗಸರೆಲ್ಲ ಸುತ್ತ ಸೇರಿದರು. ಒಬ್ಬ ಅಜ್ಜಿ, "ಎಲ್ಗೋಯ್ತಾವ್ಳೆ ಇವ್ಳು?" ಎಂದು ಕೇಳಿದಳು. ಬಾಷಾ ಸಾಹೇಬರು ಮೇಲಿನಿಂದಲೇ, "ಮದ್ವೆಗೆ ಅಜ್ಜೀ" ಎಂದರು. ಅಜ್ಜಿ ಯಾರ ಮನೆಯಿಂದಲೋ ಅರಿಶಿನ ಕುಂಕುಮ ತರಿಸಿ ಗೌರಿಯ ಸೊಂಡಿಲಿಗೆ ಹಚ್ಚಿದಳು. ಆಮೇಲೆ ನನ್ನನ್ನು ನೋಡಿ, "ನೀನ್ಯಾರವ್ವಾ?" ಎಂದಳು.

"ಡಾಕ್ಟ್ರ ಹೆಂಡ್ತಿ."

"ಓ, ಎಣ್ಣಿನ ಕಡೆಯೋಳು!" ಎಂದು ನನ್ನ ಹಣೆಗೂ ಒಂದು ಬೊಟ್ಟು ಇಟ್ಟಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಮತ್ತಿಕೆರೆಯ ದಾರಿಯಲ್ಲಿ ಯಶವಂತಪುರ ತಲುಪಿದಾಗ ಬಿಸಿಲು ನೆತ್ತಿಗೇರಿತ್ತು. ಸ್ಟೇಷನ್ನಿನ ಗೂಡ್ಸ್ ಕಟ್ಟೆಯ ಪಕ್ಕದಲ್ಲಿ, ಮೈಸೂರಿನ ರೈಲಿಗೆ ಸೇರಿಸಬೇಕಿದ್ದ ತೆರೆದ ವ್ಯಾಗನ್ ಒಂದು ನಿಂತಿತ್ತು. ಒಳಗೆ ಕಾಲಿಡಲು ಗೌರಿ ಬಹಳ ಹೊತ್ತು ಒಪ್ಪಲಿಲ್ಲ. ಹಲಗೆಯನ್ನು ಒಂದು ಕಾಲಿನಿಂದ ಒತ್ತಿ ನೋಡುವಳು, ಹಿಂದೆ ಸರಿಯುವಳು. ಕೊನೆಗೆ ನಮ್ಮವರು ತಾವೇ ವ್ಯಾಗನ್ನಿನೊಳಗೆ ಹೋಗಿ ಕೂತರು. ಅವಳು ಹಿಂದೆಯೇ ಹತ್ತಿದಳು. ಅವರು ಅಲ್ಲೇ ಹುಲ್ಲಿನ ಮೇಲೆ ಕೂತು ಮೈಸೂರಿನವರೆಗೆ ಪ್ರಯಾಣ ಮಾಡುವುದೆಂದಾಯಿತು. ನನಗೂ ಕುಲ್ಸುಂಬಿಗೂ ಹೆಂಗಸರ ಡಬ್ಬಿ.

ಮದ್ದೂರಿನಲ್ಲಿ ರೈಲು ನಿಂತಾಗ ಬಿಸಿ ವಡೆ ಕೊಂಡು, ಎಲೆಯಲ್ಲಿ ಕಟ್ಟಿಸಿ, ಕೂಲಿಯವನ ಕೈಯಲ್ಲಿ ನಮ್ಮವರಿಗೆ ಕಳಿಸಿದೆ. ಪೊಟ್ಟಣ ಹಾಗೇ ವಾಪಸು ಬಂತು. "ಆನೆಗೆ ಎಣ್ಣೆ ತಿಂಡಿ ಕೊಡಬಾರದಂತೆ ಅಮ್ಮಾ" ಎಂದು ಕೂಲಿಯವನು ಹೇಳಿದ. ಕುಲ್ಸುಂಬಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಮುಖ ನೋಡಿ ಪೊಟ್ಟಣ ಬಿಚ್ಚಿದಳು.

"ನಿಮ್ಮೋರು ಬಂದು ನೋಡ್ಕೊಂಡು ಮನೇಗಾದ್ರೂ ಹೋಗ್ತಾರೆ. ನಮ್ಮೋರು ಅದರ ಕಾಲ್ ಹತ್ರಾನೇ ಮಲ್ಗೋದು. ಶಾದಿ ಆದ್ಮೇಲೆ ಮೊದಲ್ನೇ ಈದ್‌ಗೆ ಬಳೆ ತರ್ತೀನಿ ಅಂತ ಹೋಗಿ ಅದಕ್ಕೆ ಗಂಟೆ ತಂದ್ರು ಅಮ್ಮಾ" ಎಂದಳು.

"ನಿಂಗೆ ಹೊಟ್ಟೆ ಉರೀಲಿಲ್ವಾ?"

"ಉರೀತು. ಈಗ್ಲೂ ಉರೀತದೆ" ಎಂದು ಅವಳು ವಡೆ ಮುರಿದು ನನಗೊಂದು ತುಂಡು ಕೊಟ್ಟಳು.

ಮೈಸೂರಿನಿಂದ ಗೌರಿ ನಡೆದೇ ಬಂದಳು. ಅವಳ ಜೊತೆ ಗಂಡಸರಿಬ್ಬರೂ ನಡೆದರು. ನಾವು ಹೆಂಗಸರು ಹೆಗ್ಗಡದೇವನಕೋಟೆಯ ಬಸ್ಸು ಹಿಡಿದು, ಅಲ್ಲಿಂದ ಮುಂದೆ ಬಿದಿರು ತುಂಬುವ ಲಾರಿಯಲ್ಲಿ ಕೂತು ಮೊದಲೇ ಆನೆಗಳ ಬಿಡಾರ ಸೇರಿದೆವು. ಕಪಿಲೆಯ ದಂಡೆಯ ಮೇಲೆ ನಾಲ್ಕಾರು ಹುಲ್ಲಿನ ಗುಡಿಸಲು, ಆಚೆ ದಟ್ಟ ಕಾಡು. ಅಲ್ಲಿನ ಪದ್ಧತಿಯನ್ನು ರೇಂಜರರು ವಿವರಿಸಿದರು. ಬಿಡಾರದ ಹೆಣ್ಣಾನೆಗಳ ಕೊರಳಿಗೆ ಮರದ ಗಂಟೆ ಕಟ್ಟಿ, ಕಾಲಿಗೆ ಉದ್ದ ಸರಪಳಿ ಎಳೆಯಬಿಟ್ಟು, ಸಂಜೆ ಕಾಡಿಗೆ ಬಿಡುತ್ತಾರೆ. ಬೆಳಿಗ್ಗೆ ಸರಪಳಿಯ ಗೀರು ಹಿಡಿದು ಹೋಗಿ ಕರೆತರುತ್ತಾರೆ. "ನಮ್ಮಲ್ಲಿ ಹುಟ್ಟಿದ ಮರಿಗಳೆಲ್ಲ ಹೆಚ್ಚುಕಡಿಮೆ ಕಾಡಿನ ಸಲಗಗಳವೇ" ಎಂದು ಅವರು ನಕ್ಕರು.

ಗೌರಿ ಮೊದಮೊದಲು ಕಾಡಿಗೆ ಹೋಗಲೇ ಇಲ್ಲ. ಸಂಜೆ ಬಿಟ್ಟರೆ ಸ್ವಲ್ಪ ಹೊತ್ತಿಗೆ ಸರಪಳಿ ಎಳೆದುಕೊಂಡು ಬಂದು ನಮ್ಮ ಗುಡಿಸಲಿನ ಹಿಂದೆ ನಿಲ್ಲುವಳು. "ನೋಡಿದ್ಯಾ, ನನ್ನ ಬಿಟ್ಟು ಹೋಗಲ್ಲ" ಎಂದು ನಮ್ಮವರು ಹೇಳುವಾಗ ಮುಖ ಅರಳುತ್ತಿತ್ತು. ಗಂಡು ಹುಡುಕಿಕೊಳ್ಳಲಿ ಎಂದು ಇಷ್ಟು ದೂರ ಕರೆತಂದವರಿಗೆ ಆ ಸಂತೋಷ ಯಾಕೆಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು.

ಒಂದು ಬೆಳಿಗ್ಗೆ ಅವಳು ಬಂದಿರಲಿಲ್ಲ. ಸರಪಳಿಯ ಗೀರು ಬಿಡಾರದ ಪಶ್ಚಿಮಕ್ಕಿದ್ದ ಹಡ್ಲಿನ ಕಡೆ ಹೋಗಿತ್ತು. ಕಾಡಿನ ನಡುವೆ ಜೌಗು ನೆಲದಲ್ಲಿ ಹುಲ್ಲು ಬೆಳೆದ ಬಯಲನ್ನು ಅಲ್ಲಿಯವರು ಹಡ್ಲು ಎನ್ನುತ್ತಾರೆ. ಅದರ ಅಂಚಿನ ಮರದ ಮೇಲೆ ಕಾವಲಿಗೆ ಕಟ್ಟಿದ್ದ ಅಟ್ಟಣೆಯನ್ನು ನಾವು ಹತ್ತಿದೆವು.

ಗೌರಿಯ ಪಕ್ಕದಲ್ಲಿ ಒಂದು ಸಲಗ ನಿಂತಿತ್ತು. ರಾಜನಿಗಿಂತ ಬಹಳ ಎತ್ತರ, ಎಡಗೊಂಬು ಅರ್ಧ ಮುರಿದಿದೆ, ಕಪೋಲದಿಂದ ಬಾಯಿಯವರೆಗೆ ಕಪ್ಪಗೆ ಮದ ಸುರಿದಿದೆ. ಅದರ ಘಾಟು ಮರದ ಮೇಲಿನವರೆಗೆ ಬರುತ್ತಿತ್ತು. ಗೌರಿ ನಿಂತಿದ್ದ ನೆಲವನ್ನು ಸೊಂಡಿಲ ತುದಿಯಿಂದ ಮುಟ್ಟಿ ಆ ತುದಿಯನ್ನು ಬಾಯೊಳಗಿಟ್ಟು ರುಚಿ ನೋಡುತ್ತಿತ್ತು. ಅಷ್ಟರಲ್ಲಿ ಬಿದಿರಿನ ಮೆಳೆಯಿಂದ ಕೊಂಬಿಲ್ಲದ ಪ್ರಾಯದ ಗಂಡಾನೆಯೊಂದು ತಲೆ ಹಾಕಿತು. ಸಲಗ ಕಿವಿ ಅಗಲಿಸಿ ತಿರುಗಿತು, ಅಷ್ಟೇ. ಬಿದಿರು ಮುರಿಯುವ ಸದ್ದು ಬಹಳ ದೂರದವರೆಗೆ ಕೇಳಿಸಿತು.

ಗೌರಿ ನಡೆಯತೊಡಗಿದಳು. ಹೆದರಿ ಓಡುವ ನಡಿಗೆಯಲ್ಲ. ತಲೆಯನ್ನು ಸ್ವಲ್ಪ ಓರೆ ಮಾಡಿ, ಹಿಂದೆ ಬರುತ್ತಿದೆಯೇ ಎಂದು ಕಣ್ಣ ಕೊನೆಯಿಂದ ನೋಡುವ ನಡಿಗೆ. ಸಲಗ ಹಿಂದೆ ಬಿತ್ತು. ಅವಳು ಓಡಿದಳು. ಬಯಲನ್ನು ದೊಡ್ಡದಾಗಿ ಸುತ್ತಿ ಬಂದಳು. ಅದು ಹತ್ತಿರವಾಗಿ ಅವಳ ಬೆನ್ನಿನುದ್ದಕ್ಕೂ ಸೊಂಡಿಲು ಚಾಚಿ ಇಟ್ಟಿತು. ಅವಳು ನಿಂತಳು. ಕೂಡಿದ್ದು ಒಂದು ಗಳಿಗೆಯೂ ಅಲ್ಲ. ಆಮೇಲೆ ಗೌರಿ ಎಂಥ ದನಿ ತೆಗೆದಳೆಂದರೆ ಕೂತ ಹಲಗೆ ನನ್ನ ಕೆಳಗೆ ಅದುರಿತು. ದೂರದಲ್ಲಿ ಮೇಯುತ್ತಿದ್ದ ಬಿಡಾರದ ಹೆಣ್ಣಾನೆಗಳೆಲ್ಲ ಘೀಳಿಡುತ್ತ ಓಡಿಬಂದು ಅವಳನ್ನು ಸುತ್ತುವರಿದು ಮುಟ್ಟಿ ಮೂಸಿ ಗದ್ದಲವೆಬ್ಬಿಸಿದವು.

ನಮ್ಮವರು ಕುಣಿದಾಡುತ್ತಾರೆಂದು ನಾನು ತಿಳಿದಿದ್ದೆ. "ಆಯ್ತಲ್ಲ" ಎಂದರು. ಏಣಿಯಿಳಿದು ಒಬ್ಬರೇ ಬಿಡಾರಕ್ಕೆ ಹೋದರು.

ಮುಂದಿನ ದಿನಗಳಲ್ಲಿ ಸಲಗ ಗೌರಿಯ ಪಕ್ಕ ಬಿಟ್ಟು ಕದಲಲಿಲ್ಲ. ಮೇವನ್ನೂ ಸರಿಯಾಗಿ ಮುಟ್ಟದೆ ಅವಳನ್ನು ಕಾಯುತ್ತಿತ್ತು. ಇತ್ತ ನಮ್ಮವರೂ ಊಟ ಬಿಟ್ಟರು. "ಅದೊಂದು ಒರಟು ಪ್ರಾಣಿ" ಎನ್ನುವರು. "ಆ ಮುರುಕು ಕೊಂಬು ನೋಡಿದ್ಯಾ? ವಯಸ್ಸೂ ಜಾಸ್ತಿ." ಅವರ ಒಂದೊಂದು ಮಾತೂ ನನಗೆ ಪರಿಚಯದ್ದೇ. ಗೌರಿಯ ಹರಿದ ಕಿವಿ, ಬೋಳು ಬಾಲದ ಬಗ್ಗೆ ನಾನು ಒಳಗೊಳಗೇ ಹಾಗೆ ಅಂದುಕೊಂಡಿದ್ದೆ.

ಒಂದು ಮಧ್ಯಾಹ್ನ ನಾನು ಹೊಳೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಬಂದು ಬಂಡೆಯ ಮೇಲೆ ಕೂತರು.

"ಬೆಳಿಗ್ಗೆ ಕರೆದೆ. ತಿರುಗಿ ಕೂಡ ನೋಡ್ಲಿಲ್ಲ. ಎರಡು ವರ್ಷ ಮಗು ಥರ ನೋಡ್ಕೊಂಡಿದೀನಿ. ಪಕ್ಕದಲ್ಲಿ ಇದ್ದೂ ಇಲ್ದಂಗೆ ಆಗೋದು ಹೇಗಿರುತ್ತೆ ಗೊತ್ತಾ ನಿಂಗೆ?"

"ಗೊತ್ತು, ನಾಲ್ಕು ವರ್ಷದಿಂದ" ಎಂದೆ.

ಕೈಯಲ್ಲಿದ್ದ ತಪ್ಪಲೆಯನ್ನು ಮತ್ತೆ ಮತ್ತೆ ಉಜ್ಜಿದೆ. ನಾನು ಎದ್ದು ಹೊರಡುವಾಗ, "ಅದಕ್ಕೇನಾ ಅಷ್ಟು ದೊಡ್ಡ ಟ್ರಂಕು ತಂದಿದ್ದು?" ಎಂದರು. ಅವರು ಅದನ್ನು ಗಮನಿಸಿದ್ದರೆಂದು ನನಗೆ ಆಗಲೇ ಗೊತ್ತಾದದ್ದು.

"ಹೂಂ. ಅಣ್ಣನ ಮನೆಗೆ."

"ಹೋಗ್ಬೇಡ."

"ಯಾಕೆ?"

"ಯಾಕೆ ಅಂತ ಹೇಳೋಕೆ ಬರಲ್ಲ ಕಣೇ. ಹೋಗ್ಬೇಡ" ಎಂದು ನನ್ನ ಕೈಯಿಂದ ತಪ್ಪಲೆ ತೆಗೆದುಕೊಂಡರು. ಅದನ್ನು ಹೊತ್ತು ಬಿಡಾರದ ನಡುವೆ, ಎಲ್ಲರ ಕಣ್ಣೆದುರು, ನನ್ನ ಪಕ್ಕದಲ್ಲಿ ನಡೆದುಬಂದರು.

ಸಲಗ ಕಾಡಿನೊಳಕ್ಕೆ ಹೊರಟುಹೋದ ಮೇಲೆ ಗೌರಿ ತಾನಾಗಿ ಬಿಡಾರಕ್ಕೆ ಬಂದಳು. ಗರ್ಭ ನಿಂತಿದೆಯೋ ಇಲ್ಲವೋ ತಿಳಿಯಲು ತಿಂಗಳುಗಳು ಬೇಕು, ನಿಂತಿದ್ದರೆ ಮರಿ ಹುಟ್ಟಲು ಎರಡು ವರ್ಷಕ್ಕೆ ಸ್ವಲ್ಪ ಕಡಿಮೆ. ಅಲ್ಲಿಯವರೆಗೆ ಅವಳೂ ಬಾಷಾ ಸಾಹೇಬರೂ ಕುಲ್ಸುಂಬಿಯೂ ಅಲ್ಲೇ ಇರುವುದೆಂದಾಯಿತು. ಹೊರಡುವ ಬೆಳಿಗ್ಗೆ ನಮ್ಮವರು ಬೆಲ್ಲದಚ್ಚು ಹಿಡಿದು ಅವಳ ಮುಂದೆ ನಿಂತರು. ಅವಳು ಮೂಸಿದಳು. ಮುಖ ತಿರುಗಿಸಿದಳು. ಇನ್ನೊಮ್ಮೆ ನೀಡಿದರು. ತೆಗೆದುಕೊಳ್ಳಲಿಲ್ಲ.

"ನೀವು ಕೊಡಿ ಅಮ್ಮಾ" ಎಂದು ಕುಲ್ಸುಂಬಿ ನನ್ನನ್ನು ಮುಂದೆ ನೂಕಿದಳು. ಅಷ್ಟು ಹತ್ತಿರ ನಾನು ಎಂದೂ ಹೋದವಳಲ್ಲ. ಒದ್ದೆಯಾದ ಸೊಂಡಿಲ ತುದಿ ನನ್ನ ಬಳೆಗಳ ಮೇಲೆ ಆಡಿತು, ಕತ್ತಿಗೆ ಬಂತು, ಬಿಸಿ ಉಸಿರು ಬಿಟ್ಟಿತು. ಆಮೇಲೆ ಗೌರಿ ಬೆಲ್ಲ ತೆಗೆದುಕೊಂಡು ಮೆಲ್ಲಗೆ ಬಾಯಿಗಿಟ್ಟುಕೊಂಡಳು.

ಲಾರಿ, ಬಸ್ಸು ಇಳಿದು ಮೈಸೂರಿನಲ್ಲಿ ರೈಲು ಹತ್ತಿದೆವು. ಮಂಡ್ಯ ದಾಟಿದ ಮೇಲೆ ನಮ್ಮವರು, "ನಿನ್ನ ಕೈಯಲ್ಲಿ ಏನಿತ್ತು?" ಎಂದರು.

"ಬೆಲ್ಲ."

"ನನ್ನ ಕೈಯಲ್ಲೂ ಬೆಲ್ಲಾನೇ ಇತ್ತು."

"ಹೌದು."

ಯಶವಂತಪುರದಲ್ಲಿ ಇಳಿದು ಜಟಕಾ ಮಾಡಿಕೊಂಡೆವು. ನಮ್ಮವರು ಗಾಡಿಯವನ ಪಕ್ಕ ಕೂರದೆ ನನ್ನ ಪಕ್ಕ ಕೂತರು. ಸಣ್ಣ ಮಳೆ ಬಂದು ನಿಂತಿತ್ತು. "ಮರಿ ಹುಟ್ಟೋ ಹೊತ್ತಿಗೆ ನಾವಿಬ್ರೂ ಅಲ್ಲಿರಬೇಕು" ಎಂದರು.

"ನಾನೊಬ್ಬಳೇ ಹೋಗ್ತೀನಿ ಬಿಡಿ. ನಿಮ್ಮನ್ನ ಕಂಡ್ರೆ ಅವಳಿಗಾಗಲ್ಲ" ಎಂದೆ.

ತಮಾಷೆಗೆ ಹೇಳಿದ್ದು. ಅವರು ನಗಲಿಲ್ಲ. ತುಟಿ ಬಿಗಿದು, ಕುದುರೆಯ ಕಿವಿಗಳನ್ನೇ ನೋಡುತ್ತ ಕೂತರು. ಮತ್ತಿಕೆರೆ ದಾಟಿ ಹೆಬ್ಬಾಳ ಬರುವವರೆಗೂ ನಾನು ಅವರ ಆ ಹೊಟ್ಟೆಯುರಿದ ಮುಖವನ್ನು ಕದ್ದು ಕದ್ದು ನೋಡಿ ಸಂತೋಷಪಟ್ಟೆ.