ರವಿವಾರದ ಮಂದಿ

ಮೃತ್ಯುಂಜಯ ಚಪ್ಪಾಳೆಗಾಗಿ ಮನುಷ್ಯರ ಮೂಳೆ ಮುರಿಯುವವನು. ಇದನ್ನು ಮೆತ್ತಗೆ ಹೇಳುವ ದಾರಿ ಇರಬಹುದು, ನಾನು ಹುಡುಕಿಲ್ಲ. ಸಿಟ್ಟಿನಿಂದ ಹೊಡೆಯುವವರನ್ನು ಕಂಡಿದ್ದೇನೆ, ಹೆದರಿ ಹೊಡೆಯುವವರನ್ನೂ ಕಂಡಿದ್ದೇನೆ. ಇವನಿಗೆ ಸಿಟ್ಟೂ ಇಲ್ಲ, ಹೆದರಿಕೆಯೂ ಇಲ್ಲ. ಸುತ್ತ ನಿಂತು ನೋಡುವವರು ಬೇಕು, ಅಷ್ಟೇ. ನೋಡುವವರಿಲ್ಲದಿದ್ದರೆ ಅವನು ಮೈಮೇಲೆ ಕೂತ ನೊಣವನ್ನೂ ಹೊಡೆಯುವುದಿಲ್ಲ. ನೋಡುವವರಿದ್ದರೆ ಎದುರಿಗಿರುವವನು ಯಾರೆಂದು ಯೋಚಿಸುವುದಿಲ್ಲ.

ಸೈನ್ಯದಲ್ಲಿ ಹದಿನೇಳು ವರ್ಷ ಇದ್ದು, ಅಲ್ಲಿಯೇ ಬಾಕ್ಸಿಂಗ್ ಕಲಿತು, ಮೂವತ್ತಾರನೆಯ ವಯಸ್ಸಿಗೆ ಶಿಗ್ಗಾಂವಿಗೆ ಮರಳಿದ. ಅಪ್ಪ ದ್ಯಾಮಪ್ಪ ಕಾಳಿನ ವ್ಯಾಪಾರಿ. ಅಂಗಡಿಯಲ್ಲಿ ಕೂರು ಎಂದ. ಮಗ ಎರಡು ತಿಂಗಳು ಕೂತ. ಚೀಲ ತೂಗಿದವನಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಹೆದ್ದಾರಿಯ ಪಕ್ಕದಲ್ಲಿ ಅಪ್ಪನದೇ ಒಂದು ಗೋದಾಮು ಖಾಲಿ ಬಿದ್ದಿತ್ತು. ಅದರೊಳಗೆ ನಾಲ್ಕು ಕಂಬ ನೆಟ್ಟು ಹಗ್ಗ ಕಟ್ಟಿದ. ಗೋವಿನಜೋಳದ ಚೀಲಗಳಿಗೆ ಮರಳು ತುಂಬಿ ತೂಗುಹಾಕಿದ. ವಾರವೆಲ್ಲ ಕಲಿಸುವುದು, ರವಿವಾರ ಮಧ್ಯಾಹ್ನ ಪಂದ್ಯ. ಮೊದಲ ವರ್ಷ ನೂರು ಜನ ಬಂದರು, ಮೂರನೆಯ ವರ್ಷ ಆರುನೂರು. ಹಾನಗಲ್ಲಿನಿಂದ, ಹಿರೇಕೆರೂರಿನಿಂದ ಒಂದೊಂದು ಬೈಕಿನ ಮೇಲೆ ಮೂರು ಮೂರು ಜನ ಬರುತ್ತಿದ್ದರು. ಶೇಂಗಾ ಬಿಡಿಸಿ ತಿನ್ನುತ್ತ, ಹಗ್ಗಕ್ಕೆ ಆತು ನಿಂತು ನೋಡುತ್ತಿದ್ದರು.

ಜನಕ್ಕೆ ಬೇಸರವಾದರೆ ಅದು ಮೃತ್ಯುಂಜಯನ ಬೆನ್ನಿಗೆ ತಿಳಿಯುತ್ತಿತ್ತು. ಒಂದು ರವಿವಾರ ಬರಬೇಕಿದ್ದ ಜೋಡಿ ಬರಲಿಲ್ಲ. ಹೊತ್ತು ಕಳೆಯಲು ತನ್ನ ಹಿರಿಯ ಶಿಷ್ಯ ಫಕ್ಕೀರಪ್ಪನನ್ನು ರಿಂಗಿಗೆ ಕರೆದ. ಫಕ್ಕೀರಪ್ಪ ಹಿರೇಕೆರೂರಿನವನು, ಬೋರ್‌ವೆಲ್ ಲಾರಿಯಲ್ಲಿ ದುಡಿಯುವ ಮೂವತ್ತರ ಗಂಡಸು. ಮುಟ್ಟಿ ಮುಟ್ಟಿ ತೋರಿಸುವ ಆಟ, ಅಷ್ಟೇ ಎಂದು ಮಾತಾಗಿತ್ತು. ಹಿಂದಿನ ಸಾಲಿನಿಂದ ಯಾರೋ ಕೂಗಿದ:

"ಏನಪಾ, ರೊಟ್ಟಿ ಬಡ್ಯಾಕತ್ತೀಯೇನು?"

ಜನ ನಕ್ಕರು. ಇಬ್ಬರು ಎದ್ದು ಬಾಗಿಲ ಕಡೆ ನಡೆದರು. ಮೃತ್ಯುಂಜಯ ಫಕ್ಕೀರಪ್ಪನ ಬಲ ಪಕ್ಕೆಗೆ ಹೊಡೆದ. ಒಣ ತೊಗರಿಕಟ್ಟಿಗೆ ಮುರಿದ ಸದ್ದು ಬಂತು. ಅದೇ ಜಾಗಕ್ಕೆ ಮತ್ತೆ ಹೊಡೆದ. ಎರಡು ಎಲುಬು. ಫಕ್ಕೀರಪ್ಪ ಮೊಣಕಾಲೂರಿ ಕೂತು, ಉಸಿರು ಸಿಗದೆ, ಕಚ್ಚಿಕೊಂಡ ನಾಲಗೆಯಿಂದ ರಕ್ತ ಸುರಿಸುತ್ತಿದ್ದ. ಗುರು ಅವನ ಕಡೆ ನೋಡಲಿಲ್ಲ. ಬಾಗಿಲ ತನಕ ಹೋದ ಆ ಇಬ್ಬರು ತಿರುಗಿ ಬಂದರೋ ಇಲ್ಲವೋ ಎಂದು ನೋಡಿದ. ಬಂದಿದ್ದರು. ಅವನು ಎರಡೂ ಕೈ ಮೇಲೆತ್ತಿದ.

ಮನೆಯಲ್ಲಿ ಹೆಂಡತಿ ನೀಲಾಂಬಿಕಾ ಅಂದಳು:

"ಅಂವ ನಿಮ್ಮನ್ನ ಗುರುಗಳ ಅಂತಾನ."

"ಮಂದಿ ಎದ್ದು ಹೊಂಟಿತ್ತಲ್ಲಾ."

"ಹೋಗ್ಲಿ ಬಿಡ್ರಿ. ಮಂದಿ ಏನ ಬಂದು ನಿಮ್ಮ ಬೆನ್ನ ತಿಕ್ಕತೈತೇನು?"

"ನಿನಗ ತಿಳ್ಯಾಂಗಿಲ್ಲ. ಒಮ್ಮೆ ಹ್ವಾದ ಮಂದಿ ತಿರುಗಿ ಬರಾಂಗಿಲ್ಲ."

ಈ ಒಂದು ವಿಷಯದಲ್ಲಿ ಅವನು ಹೇಳಿದ್ದು ಸರಿಯಾಗಿತ್ತು.

ಹಿರೇಬೆಂಡಿಗೇರಿಯ ಕರಬಸಪ್ಪನ ಮಗ ಮೈಲಾರಲಿಂಗ ಪುಣೆಗೆ ದುಡಿಯಲು ಹೋಗಿ, ಅಲ್ಲಿಯ ಜಿಮ್ಮೊಂದರಲ್ಲಿ ನೆಲ ಒರೆಸುತ್ತ ಎಂಎಂಎ ಎಂಬ ಪಂಜರದ ಕಾಳಗ ಕಲಿತು ಬಂದ. ವಯಸ್ಸು ಇಪ್ಪತ್ತಾರು. ಸವಣೂರಿನ ಎಲೆಬಳ್ಳಿ ತೋಟಗಳ ಅಂಚಿನಲ್ಲಿ ಜಾಗ ಹಿಡಿದು, ಎಂಟು ಮೂಲೆಯ ಕಬ್ಬಿಣದ ಜಾಳಿಗೆಯ ಪಂಜರ ನಿಲ್ಲಿಸಿದ. ಅಲ್ಲಿ ಒದೆಯಬಹುದು, ಮೊಣಕೈಯಿಂದ ತಿವಿಯಬಹುದು, ಎತ್ತಿ ಕೆಡವಬಹುದು, ಬಿದ್ದವನ ಎದೆಯ ಮೇಲೆ ಕೂತು ಜಜ್ಜಬಹುದು, ಅವನು ಸಾಕೆಂದು ಕೈ ಬಡಿಯುವವರೆಗೆ ಕುತ್ತಿಗೆ ಹಿಸುಕಬಹುದು. ಅವನೂ ಪಂದ್ಯಕ್ಕೆ ರವಿವಾರವನ್ನೇ ಆರಿಸಿದ. ಮೊದಲ ದಿನವೇ ಒಬ್ಬನ ಹುಬ್ಬು ಸೀಳಿ, ಚರ್ಮ ಕಣ್ಣಿನ ಮೇಲೆ ಜೋತುಬಿತ್ತು. ಆ ವಿಡಿಯೋ ಸಂಜೆಯೊಳಗೆ ಹಿರೇಕೆರೂರು ಮುಟ್ಟಿತು. ಎರಡು ತಿಂಗಳಲ್ಲಿ ಶಿಗ್ಗಾಂವಿಯ ಗೋದಾಮಿಗೆ ಬರುವವರು ನಲವತ್ತಕ್ಕೆ ಇಳಿದರು. ಆ ನಲವತ್ತರಲ್ಲಿ ಹತ್ತು ಜನ ಬಿಸಿಲಿಗೆ ನೆರಳು ಹುಡುಕಿ ಬಂದವರು.

ಊರಿನ ಮಾತೆಲ್ಲ ಇದೇ ಆಯಿತು. ಬಸ್ ನಿಲ್ದಾಣದ ಬಳಿ ಚಹಾದ ಅಂಗಡಿ ಇಟ್ಟ ಗುದ್ಲೆಪ್ಪ ಬಾಕ್ಸಿಂಗಿನ ಕಡೆಯವನು. ಒಬ್ಬ ಟೆಂಪೋ ಚಾಲಕ ಅವನನ್ನು ಕೆಣಕಿದ:

"ಬಾಕ್ಸಿಂಗಿನ್ಯಾಗ ಏನೈತೋ ಗುದ್ಲೆಪ್ಪಣ್ಣ? ಎರಡ ಕೈ. ಸವಣೂರಾಗ ನೋಡ, ಕೈ, ಕಾಲು, ಮೊಣಕೈ, ಮೊಣಕಾಲು, ಎಲ್ಲಾ ನಡೀತಾವ."

"ನಮ್ಮ ಎಮ್ಮಿನೂ ಒದಿತೈತಿ. ಅದನ್ನ ನೋಡಾಕೂ ಟಿಕೆಟ್ ತಗಸ್ತಿಯೇನು?"

"ಅದರ ಕಾಲಿನ ಮುಂದ ನಿನ್ನ ಮಾರಿ ಇಟ್ಟರ ಖರೇನ ತಗಸ್ತೇನಿ."

ಸುತ್ತಲಿನವರು ನಕ್ಕರು, ಗುದ್ಲೆಪ್ಪ ನಗಲಿಲ್ಲ. ಹಾಲಿನ ಸೌಟು ತೆಗೆದು ಚಾಲಕನ ಹಣೆ ಒಡೆದ. ಚಾಲಕ ಗಾಜಿನ ಲೋಟ ಕುಟ್ಟಿ, ಅದರ ಚೂರಿನಿಂದ ಗುದ್ಲೆಪ್ಪನ ಮುಂಗೈ ಕೊಯ್ದ. ಹದಿನಾಲ್ಕು ಹೊಲಿಗೆ ಬಿದ್ದವು. ಇಬ್ಬರೂ ಜೀವಮಾನದಲ್ಲಿ ಒಮ್ಮೆಯೂ ಗ್ಲೌಸು ತೊಟ್ಟವರಲ್ಲ.

ಮುಂದಿನ ರವಿವಾರ ಮೃತ್ಯುಂಜಯ ತನ್ನ ಗೋದಾಮಿಗೆ ಬೀಗ ಹಾಕಿ ಸವಣೂರಿಗೆ ಹೋದ. ಒಂದು ಪಂದ್ಯ ಮುಗಿದು ಇನ್ನೊಂದು ಶುರುವಾಗುವ ನಡುವೆ, ಸಾವಿರ ಜನರ ಎದುರು, ಜಾಳಿಗೆ ಹಿಡಿದು ನಿಂತು ಕೂಗಿದ:

"ಏ ಮೈಲಾರಲಿಂಗ! ಕೋಳಿ ಪಂಜರದಾಗ ಹುಂಜ ಆಗೋದು ದೊಡ್ಡ ಮಾತಲ್ಲೋ ತಮ್ಮಾ."

"ಒಳಗ ಬರ್ರಿ ಕಾಕಾ. ನಿಮಗೂ ಒಂದ ಹಿಡಿ ಕಾಳ ಹಾಕ್ತೇನಿ."

ಸಾವಿರ ಜನ ಒಮ್ಮೆಲೆ ನಕ್ಕರು. ಅವರಲ್ಲಿ ಅರ್ಧ ಜನ ಶಿಗ್ಗಾಂವಿಯಲ್ಲಿ ಅವನ ಹೆಸರು ಕೂಗಿದ್ದವರೇ. ಮೃತ್ಯುಂಜಯನ ಕಿವಿಯ ತುದಿ ಕೆಂಪಾಯಿತು.

"ಒಂದ ಕುಸ್ತಿ ಆಗ್ಲಿ. ನಾನು, ನೀನು. ಸೋತಾಂವ ತನ್ನ ರವಿವಾರ ಬಿಡಬೇಕು."

"ಬಿಡೂದಂದ್ರ?"

"ಬಾಗಲಾ ಹಾಕೂದು. ಮತ್ತ ತೆಗಿಯೂ ಹಂಗಿಲ್ಲ. ಮಂದಿ ಎಲ್ಲಾ ಗೆದ್ದಾಂವಂದು."

"ನಿಮ್ಮ ಹಗ್ಗದಾಗೋ, ನನ್ನ ಪಂಜರದಾಗೋ?"

ಬುದ್ಧಿ ಇದ್ದವನು ಹಗ್ಗ ಎನ್ನುತ್ತಿದ್ದ. ಮೃತ್ಯುಂಜಯ ಸುತ್ತಲಿನ ಮುಖಗಳನ್ನು ನೋಡಿ ಹೇಳಿದ: "ನಿನ್ನ ಪಂಜರದಾಗ."

ಎರಡೂ ಕಡೆಗೆ ಸೇರದ ಜಾಗ ಬೇಕೆಂದು ಹಾನಗಲ್ಲಿನ ಹೊರಗಿನ ಒಂದು ಬಯಲನ್ನು ಗೊತ್ತು ಮಾಡಿದರು. ಪಂಜರವನ್ನು ಬಿಚ್ಚಿ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋದರು. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಎರಡು ಸಾವಿರ ಜನ ಸೇರಿದ್ದರು. ನೀಲಾಂಬಿಕಾ ಬರಲಿಲ್ಲ. ಮೃತ್ಯುಂಜಯನ ಬದಿಗೆ ಟವೆಲು ಹಿಡಿದು ನಿಂತವನು ಫಕ್ಕೀರಪ್ಪ. ಅವನ ಎಲುಬು ಓರೆಯಾಗಿ ಕೂಡಿದ್ದರಿಂದ ಈಗಲೂ ಪೂರ್ತಿ ಉಸಿರೆಳೆಯಲು ಬರುತ್ತಿರಲಿಲ್ಲ.

ನಮ್ಮ ಕಡೆಯ ಜನಕ್ಕೆ ಅಜ್ಜನ ಕಾಲದಿಂದ ಗೊತ್ತಿರುವುದು ಗರಡಿಯ ಕುಸ್ತಿ. ಬೆನ್ನು ಮಣ್ಣಿಗೆ ಹತ್ತಿತೆಂದರೆ ಚಿತ್, ಅಲ್ಲಿಗೆ ಮುಗಿಯಿತು. ಬಾಕ್ಸಿಂಗಿನಲ್ಲಿ ಬಿದ್ದವನಿಗೆ ರೆಫರಿ ಹತ್ತು ಎಣಿಸುತ್ತಾನೆ. ಎಣಿಕೆ ಮುಗಿಯುವವರೆಗೆ ಅವನನ್ನು ಯಾರೂ ಮುಟ್ಟುವಂತಿಲ್ಲ. ಪಂಜರದಲ್ಲಿ ಚಿತ್ ಇಲ್ಲ, ಎಣಿಕೆಯೂ ಇಲ್ಲ. ಮೃತ್ಯುಂಜಯನಿಗೆ ಇದು ಗೊತ್ತಿತ್ತು. ಅವನ ಮೈಗೆ ಗೊತ್ತಿರಲಿಲ್ಲ.

ಮೊದಲ ಸುತ್ತಿನಲ್ಲಿ ಒಂದು ನಿಮಿಷ ಇಬ್ಬರೂ ಸುತ್ತು ಹಾಕಿದರು. ಆಮೇಲೆ ಮೈಲಾರಲಿಂಗ ಬಗ್ಗಿ ನುಗ್ಗಿ, ಎರಡೂ ಕಾಲು ಕಟ್ಟಿ ಹಿಡಿದು, ಎತ್ತಿ ಒಗೆದ. ಬೆನ್ನು ನೆಲಕ್ಕೆ ಬಡಿಯಿತು.

"ಚಿತ್! ಚಿತ್ ಆತೋ!"

ಹಾನಗಲ್ಲಿನ ಮುದುಕರು ಎದ್ದು ನಿಂತರು. ಹಲಗೆ ಬಾರಿಸತೊಡಗಿದರು. ಗೆದ್ದವನಿಗೆ ಸುತ್ತಲೆಂದು ರುಮಾಲು ಹಿಡಿದು ನಾಲ್ವರು ಪಂಜರದ ಬಾಗಿಲಿಗೇ ಬಂದರು. ಒಳಗೆ ಮೃತ್ಯುಂಜಯ ಅಂಗಾತ ಮಲಗಿ ಎಣಿಕೆಗಾಗಿ ಕಾಯುತ್ತಿದ್ದ. ಎಂಟರವರೆಗೆ ಮಲಗಿ ಉಸಿರು ಕೂಡಿಸಿಕೊಳ್ಳುವುದು ಇಪ್ಪತ್ತು ವರ್ಷದ ರೂಢಿ. ಒಂದು ಎನ್ನುವ ಧ್ವನಿಗೆ ಬದಲು ಮೊಣಕೈ ಬಂತು. ಮೂಗು ಒಡೆಯಿತು. ಎರಡನೆಯದು ಎಡಗಣ್ಣಿನ ಕೆಳಗಿನ ಮೂಳೆಗೆ. ಮೂರನೆಯದಕ್ಕೆ ತುಟಿ ಹಲ್ಲಿಗೆ ಹೊಲಿದಂತಾಯಿತು.

"ಎಣಸೂದಿಲ್ರೀ ಸರ್!" ಫಕ್ಕೀರಪ್ಪ ಜಾಳಿಗೆ ಅಲ್ಲಾಡಿಸಿ ಚೀರಿದ. "ಇಲ್ಲಿ ಎಣಸೂದಿಲ್ಲ, ಏಳ್ರೀ!"

ಏಳಲು ಆಗಲಿಲ್ಲ. ಮುಖವನ್ನು ಎರಡು ತೋಳಿನಲ್ಲಿ ಮುಚ್ಚಿಕೊಂಡು, ತೋಳಿನ ಮೇಲೆ, ಕಿವಿಯ ಮೇಲೆ, ನೆತ್ತಿಯ ಮೇಲೆ ಹೊಡೆತ ತಿನ್ನುತ್ತ ಗಂಟೆ ಬಾರಿಸುವವರೆಗೆ ಮಲಗಿದ್ದ.

ನಡುವಿನ ಒಂದು ನಿಮಿಷದಲ್ಲಿ ಫಕ್ಕೀರಪ್ಪ ಅವನ ಮುಖ ಒರೆಸಿದ. ಎಡಗಣ್ಣು ಮುಚ್ಚಿಹೋಗಿತ್ತು.

"ಸಾಕ ಮಾಡ್ರಿ ಸರ್. ಕಣ್ಣ ಹೋಗ್ತೈತಿ."

"ಮಂದಿ ಏನ ಅನ್ನಾಕತ್ತೈತಿ?"

"ಅವನ ಹೆಸರ ಒದರಾಕತ್ತೈತ್ರಿ."

ಮೃತ್ಯುಂಜಯ ಒಂದು ಹಲ್ಲು ಉಗುಳಿ ಎದ್ದ.

ಮೈಲಾರಲಿಂಗ ಮಾಡಿದ ತಪ್ಪು ಒಂದೇ: ಅದೇ ಪಟ್ಟನ್ನು ಅದೇ ಕಡೆಯಿಂದ ಮತ್ತೆ ಹಾಕಿದ. ಅವನು ಬಗ್ಗುವುದನ್ನೇ ಕಾಯುತ್ತಿದ್ದ ಮೃತ್ಯುಂಜಯ ಕೆಳಗಿನಿಂದ ಮೇಲಕ್ಕೆ ಬಲಗೈ ಎತ್ತಿ ದವಡೆಗೆ ಕೊಟ್ಟ. ಆ ಸದ್ದು ಹಿಂದಿನ ಸಾಲಿಗೂ ಕೇಳಿಸಿತು. ಎಡಗೈ ಪಿತ್ತಜನಕಾಂಗಕ್ಕೆ, ಬಲಗೈ ಕಪಾಲಕ್ಕೆ. ಮೈಲಾರಲಿಂಗ ನಿಂತಲ್ಲೇ ಕುಸಿದ.

ಬಾಕ್ಸರನಾದವನು ಈಗ ದೂರದ ಮೂಲೆಗೆ ಹೋಗಿ ನಿಲ್ಲಬೇಕು. ಮೃತ್ಯುಂಜಯ ಒಂದು ಹೆಜ್ಜೆ ಹಿಂದೆ ಇಟ್ಟ. ಜನರ ಕಡೆ ನೋಡಿದ.

"ಹೊಡೀ! ಬಿಡಬ್ಯಾಡ, ಹೊಡೀ!"

ಅವನು ಮುಂದೆ ಬಂದು ಬಿದ್ದವನ ಎದೆಯ ಮೇಲೆ ಕೂತ. ನಾಲ್ಕು ಹೊಡೆದ. ಕೈಗೆ ತಡೆಯೇ ಸಿಗುತ್ತಿರಲಿಲ್ಲ. ತಲೆ ಅತ್ತ ಇತ್ತ ಹೊರಳುತ್ತಿತ್ತು, ಅಷ್ಟೇ. ರೆಫರಿ ಹಿಂದಿನಿಂದ ಕುತ್ತಿಗೆಗೆ ಕೈ ಹಾಕಿ ಎಳೆದ. ಎಳೆಯುವಾಗಲೂ ಇನ್ನೆರಡು ಹೊಡೆದ.

ರೆಫರಿ ಅವನ ಕೈ ಎತ್ತಿದ. ಎರಡು ಸಾವಿರ ಜನ ಅವನ ಹೆಸರು ಕೂಗಿದರು. ಶಿಗ್ಗಾಂವಿಯವರು, ಸವಣೂರಿನವರು, ರುಮಾಲು ಹಿಡಿದು ಬಂದಿದ್ದ ಆ ನಾಲ್ವರೂ. ಇನ್ನು ನಾಲ್ಕು ತಾಲೂಕಿನ ರವಿವಾರವೆಲ್ಲ ಅವನದು. ಜನ ಮುನ್ನುಗ್ಗಿ ಜಾಳಿಗೆಯ ಕಂಡಿ ಕಂಡಿಗೂ ಮೊಬೈಲು ಇಟ್ಟರು. ಎಲ್ಲ ಮೊಬೈಲೂ ಅವನ ಮುಖದ ಕಡೆಗಿದ್ದವು.

ಅವನ ತೆರೆದಿದ್ದ ಒಂದು ಕಣ್ಣು ಕೆಳಗೆ ಹೋಯಿತು. ಮುಂದಿನ ಸಾಲಿನಲ್ಲಿದ್ದ ನಾನೂ ಅದು ಹೋದ ಕಡೆ ನೋಡಿದೆ. ಪ್ರಜ್ಞೆ ಇಲ್ಲದೆ ಅಂಗಾತ ಬಿದ್ದಿದ್ದ ಮೈಲಾರಲಿಂಗನ ಬೂದು ಬಣ್ಣದ ಚಡ್ಡಿ ತೊಡೆಯ ಸಂದಿಯಲ್ಲಿ ಕಪ್ಪಾಗುತ್ತಿತ್ತು. ತೇವ ಹರಡಿ ಪಂಜರದ ನೆಲಹಾಸಿಗೆ ಇಳಿಯತೊಡಗಿತ್ತು. ತಲೆಗೆ ಅಂಥ ಪೆಟ್ಟು ಬಿದ್ದವರಿಗೆ ತಿಳಿಯದೆ ಉಚ್ಚೆ ಹೋಗುವುದುಂಟು. ಬೇರೆ ಯಾರೂ ಇನ್ನೂ ಕಂಡಿರಲಿಲ್ಲ. ಮೊಬೈಲುಗಳು ಒಂದು ಗೇಣು ಕೆಳಗಿಳಿದರೆ ಸಾಕಿತ್ತು. ಕತ್ತಲಾಗುವುದರೊಳಗೆ ಅವನ ಊರಾದ ಹಿರೇಬೆಂಡಿಗೇರಿಯ ಮನೆ ಮನೆಯಲ್ಲೂ ಅದನ್ನು ನೋಡಿರುತ್ತಿದ್ದರು.

ಮೃತ್ಯುಂಜಯ ರೆಫರಿಯ ಕೈ ಕೊಡವಿದ. ಮೂಲೆಗೆ ನಡೆದು ಮುಖ ತೊಳೆಯುವ ನೀರಿನ ಬಕೆಟ್ಟು ಎತ್ತಿಕೊಂಡು ಬಂದು, ಬಿದ್ದವನ ಹೊಟ್ಟೆಯಿಂದ ಮೊಣಕಾಲಿನವರೆಗೆ ಒಂದೇ ಸಲ ಸುರಿದ.

ಕೂಗು ನಿಂತಿತು.

"ಏ, ಬಿದ್ದಾವನ ಮ್ಯಾಲ ನೀರ ಹಾಕ್ತಾನೋ!"

"ಸೊಕ್ಕ ನೋಡ ಸೊಕ್ಕ! ಗೆದ್ದಿದ್ದು ಸಾಕಾಗ್ಲಿಲ್ಲೇನೋ?"

"ಥೂ! ಮನಶ್ಯಾ ಅಲ್ಲ ಇಂವ."

ಜಾಳಿಗೆಯ ಮೇಲಿನಿಂದ ಒಂದು ಚಪ್ಪಲಿ ಬಂದು ಅವನ ಬೆನ್ನಿಗೆ ಬಿತ್ತು. ಆಮೇಲೆ ಇನ್ನೊಂದು. ಶಿಗ್ಗಾಂವಿಯ ಜನವೇ ಕಂಡಿಯೊಳಗೆ ಉಗುಳಿದರು. ಹಿಂದಿನ ಸಾಲುಗಳು ಎದ್ದು ಬೈಕುಗಳ ಕಡೆ ಹೊರಟವು.

"ಯಾಕ್ರೀ ಸರ್?" ಫಕ್ಕೀರಪ್ಪ ಪಂಜರದೊಳಗೆ ಓಡಿ ಬಂದ. "ಎಲ್ಲಾ ಮಂದಿ ನಿಮ್ಮ ಕಡೆ ಆಗಿತ್ತಲ್ಲರೀ, ಯಾಕ ಹಿಂಗ ಮಾಡಿದ್ರಿ?"

ಮೃತ್ಯುಂಜಯ ಎದ್ದು ಹೋಗುತ್ತಿದ್ದವರ ಕಡೆ ಒಮ್ಮೆ ನೋಡಿದ. ಆಮೇಲೆ ನೆಲಹಾಸಿನ ಕಡೆ ನೋಡಿದ. ನೀರು ಮುಟ್ಟದ ಒಂದು ಅಂಚಿನಲ್ಲಿ ಬಣ್ಣ ಇನ್ನೂ ಬೇರೆಯಾಗಿ ಕಾಣುತ್ತಿತ್ತು. ಖಾಲಿ ಬಕೆಟ್ಟನ್ನು ಫಕ್ಕೀರಪ್ಪನ ಕೈಗೆ ಕೊಟ್ಟ.

"ಇನ್ನೊಂದ ಬಕೆಟ್ ತಾ," ಎಂದ. "ತುಂಬ ತಾ. ಲಗೂನ."