ಗಾಜಿನ ಈಚೆ ನಿಲ್ಲುವವರು

ಕೆನಡಾದ ಎಡ್ಮಂಟನ್‌ನಲ್ಲಿ ಚಳಿಗಾಲದ ರಾತ್ರಿ ಕಾರಿಗೂ ಪ್ಲಗ್ ಹಾಕಿ ಮಲಗಬೇಕು. ಈಗ ನಾನೂ ಹಾಕುತ್ತೇನೆ. ಆದರೆ ಈ ಸಂಗತಿ ಮೊದಲು ಕಿವಿಗೆ ಬಿದ್ದದ್ದು ಸಿಂಗಪುರದ ಟ್ಯಾಂಪಿನೀಸ್‌ನಲ್ಲಿ, ಫ್ಯಾನಿನ ಕೆಳಗೆ ಬೆವರುತ್ತ ಕೂತಿದ್ದಾಗ. ಫೋನಿನಲ್ಲಿ ಹೇಳಿದವಳು ಮೈಸೂರಿನ ಗೆಳತಿ. ಮೊದಲು ನನ್ನ ಫ್ಲಾಟಿನಲ್ಲೇ ಇದ್ದವಳು, ಮದುವೆಯಾಗಿ ಗಂಡನ ಜೊತೆ ಎಡ್ಮಂಟನ್ ಸೇರಿದ್ದಳು.

"ಎಂಜಿನ್ ಮರಗಟ್ಟಿ ಹೋಗುತ್ತೆ ಕಣೇ, ಅದಕ್ಕೇ ಕರೆಂಟ್ ಕೊಡ್ಬೇಕು. ನಮಗಿಂತ ಕಾರಿಗೇ ಉಪಚಾರ ಜಾಸ್ತಿ. ಮೂಗಿನೊಳಗಿನ ಕೂದ್ಲೂ ಸೂಜಿ ಥರ ನಿಂತ್ಕೊಳ್ಳುತ್ತೆ!"

"ಅಂಥ ಊರಿಗೆ ನನ್ನ ಯಾಕೆ ಕರೀತೀಯಾ?"

"ಒಬ್ಬಳೇ ನಡುಗೋದಕ್ಕಿಂತ ಇಬ್ರು ನಡುಗೋದು ವಾಸಿ ಅಲ್ವಾ?"

ಎಡ್ಮಂಟನ್ ಆಫೀಸಿಗೆ ಜನ ಬೇಕು ಎಂದು ನನ್ನ ಕಂಪನಿ ಕೇಳಿದಾಗ ನಾನು ಒಪ್ಪಿದ್ದು ಅರ್ಧ ಆ ಮಾತಿಗೆ. ಸಿಂಗಪುರದಲ್ಲಿ ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ, ಸಿಕ್ಕಿರಲಿಲ್ಲ. ಕೆಲಸದ ಪಾಸು ರಿನ್ಯೂ ಆಗುವಾಗೆಲ್ಲ ಉಸಿರು ಬಿಗಿಹಿಡಿದು ಕೂತು ಸಾಕಾಗಿತ್ತು, ಉಳಿದರ್ಧ ಅದಕ್ಕೆ. ನಾನು ಸಹಿ ಹಾಕಿದ ಮೇಲೆ ಗೆಳತಿಯ ಫೋನ್ ಬಂತು. ಚಳಿ ತಾಳಲಾರದೆ ಅವರು ವ್ಯಾಂಕೂವರ್‌ಗೆ ಶಿಫ್ಟ್ ಆಗುತ್ತಿದ್ದರು. "ಸಾರಿ ಕಣೇ. ನನ್ನ ದಪ್ಪ ಜಾಕೆಟ್ ನಿಂಗೆ ಬಿಟ್ಟು ಹೋಗ್ಲಾ?" ಎಂದಳು. ಬಿಟ್ಟು ಹೋದಳು. ಅದನ್ನೇ ಹಾಕಿಕೊಂಡು ಓಡಾಡುತ್ತೇನೆ. ತೋಳು ನನಗೆ ಸ್ವಲ್ಪ ಉದ್ದ.

ಟ್ಯಾಂಪಿನೀಸ್ ಚಾಂಗಿ ವಿಮಾನ ನಿಲ್ದಾಣಕ್ಕೆ ಹತ್ತಿರ. ಹಾಗಾಗಿ ನಮ್ಮ ಕನ್ನಡದವರ ಗುಂಪಿನಲ್ಲಿ ಯಾರು ಸಿಂಗಪುರ ಬಿಟ್ಟರೂ ಕಳಿಸಿ ಬರುವ ಕೆಲಸ ನನ್ನದೇ. ಊರಿನ ಆಚೆ ತುದಿಯ ಯಿಶುನ್‌ನವರು, ಚೋವಾ ಚು ಕಾಂಗ್‌ನವರು ಮನೆ ಖಾಲಿ ಮಾಡಿ ಬಂದು ನನ್ನಲ್ಲಿ ತಂಗುತ್ತಿದ್ದರು. ದಾರಿಗೆ ಚಪಾತಿ, ಶೇಂಗಾ ಚಟ್ನಿ ಕಟ್ಟಿ ಕೊಡುತ್ತಿದ್ದೆ. ಅವರು ಹೋದ ಮೇಲೆ ಅವರ ಕುಕ್ಕರು, ಹಂಚು, ಅರ್ಧ ಡಬ್ಬಿ ಬೇಳೆ ನನ್ನ ಅಡುಗೆಮನೆಯಲ್ಲಿ ಉಳಿಯುತ್ತಿದ್ದವು. ಪಾಸ್‌ಪೋರ್ಟ್ ತಪಾಸಣೆ ದಾಟಿದವರು ಚಾಂಗಿಯಲ್ಲಿ ಗಾಜಿನ ಗೋಡೆಯ ಆಚೆ ಇನ್ನೊಂದಿಷ್ಟು ಹೊತ್ತು ಕಾಣುತ್ತಾರೆ. ಅವರು ಮರೆಯಾಗುವ ತನಕ ಈಚೆ ನಿಂತು ಕೈ ಬೀಸುತ್ತಿದ್ದೆ. ನನ್ನ ಕಾಲು ಮೊದಲು ಕದಲಿದ್ದಿಲ್ಲ.

ಇದು ಅವ್ವ ಕಲಿಸಿದ್ದು. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನು. ಗದಗಿನಲ್ಲಿ ಇಸ್ತ್ರಿ ಗಾಡಿ ಇಟ್ಟುಕೊಂಡು, ಊರವರ ಅಂಗಿ ತೀಡಿ ಅವ್ವ ನನ್ನನ್ನು ಎಂಜಿನಿಯರ್ ಮಾಡಿದಳು. ಈ ಮಾತು ಹೇಳುವಾಗ ಇವತ್ತಿಗೂ ನನ್ನ ದನಿ ಒಂದಿಷ್ಟು ಏರುತ್ತದೆ, ಏರಲಿ. ಕಾಲೇಜಿಗೆ ಹೊರಟ ದಿನ ಓಣಿಗೆ ಓಣಿಯೇ ಬಸ್‌ಸ್ಟ್ಯಾಂಡಿಗೆ ಬಂದಿತ್ತು. ಬಸ್ಸು ಹೊರಡುವುದು ತಡವಾಗಿ ಒಬ್ಬೊಬ್ಬರೇ ತಿರುಗಿ ಹೋದರು. ಗಿರಾಕಿಗಳು ಕಾಯುತ್ತಿದ್ದರೂ ಅವ್ವ ನಿಂತೇ ಇದ್ದಳು. "ಕಳಸಾಕ ಬಂದವರು ಮೊದಲ ಬೆನ್ನ ತೋರಸಬಾರದು. ಹೋಗೋರ ಕಣ್ಣಿಗೆ ನಮ್ಮ ಮಾರಿ ಕಾಣಬೇಕು," ಎಂದಿದ್ದಳು.

ನನ್ನ ಸರದಿ ಬಂದಾಗ ಸಿಂಗಪುರದಲ್ಲಿ ಗುಂಪಿನವರು ಯಾರೂ ಉಳಿದಿರಲಿಲ್ಲ. ವಾಟ್ಸಾಪ್‌ನಲ್ಲಿ ಮಾತ್ರ ಎಲ್ಲರೂ ಇದ್ದರು. ಎಲ್ಲೆಲ್ಲಿಂದಲೋ ಕೈ ಮುಗಿಯುವ ಚಿತ್ರ ಕಳಿಸಿದರು. ಆಫೀಸಿನಲ್ಲಿ ಕೇಕ್ ಕತ್ತರಿಸಿದರು. ಏರ್‌ಪೋರ್ಟಿಗೆ ಬರುತ್ತೀರಾ ಎಂದು ಕೇಳಬಹುದಿತ್ತು, ಕೇಳಲಿಲ್ಲ. ಕೇಳಿ ಪಡೆಯುವುದು ನನಗೆ ಬರುವುದಿಲ್ಲ. ಕುಕ್ಕರುಗಳನ್ನೆಲ್ಲ ಎದುರು ಮನೆಯ ಚೀನೀ ಆಂಟಿಯ ಮುಂದೆ ಇಟ್ಟೆ. "ಐ ಟೇಕ್ ಒನ್ ಒನ್ಲಿ ಲಾ," ಎಂದು ಅತಿ ಚಿಕ್ಕದನ್ನು ಆರಿಸಿಕೊಂಡು, "ಯೂ ಗೋ ಅಲೋನ್ ಆ?" ಎಂದರು. ಹೌದೆಂದೆ. ಮಿಕ್ಕವನ್ನು ಕಟ್ಟಡದ ಕೆಳಗಿನ ತೆರೆದ ಜಾಗದಲ್ಲಿ, ವಾಯ್ಡ್ ಡೆಕ್ಕಿನ ಕಂಬದ ಬುಡದಲ್ಲಿ, ಬೇಕಾದವರು ಒಯ್ಯಲಿ ಎಂದು ಸಾಲಾಗಿ ಇಟ್ಟು ಬಂದೆ. ನನಗೆ ಯಾರೂ ಚಪಾತಿ ಕಟ್ಟಲಿಲ್ಲ. ನಾನೇ ಲಟ್ಟಿಸಿಕೊಂಡೆ.

ಹೊರಡುವ ಹಿಂದಿನ ದಿನ ಫೋನಿನಲ್ಲಿ ಅವ್ವನ ತನಿಖೆ ನಡೆಯಿತು.

"ಆ ಊರಾಗ ಯಾರದಾರ ನಿನಗ?"

"ಕಂಪನಿ ಐತಲ್ಲವ್ವ."

"ಜ್ವರಾ ಬಂದ್ರ ಕಂಪನಿ ಬಂದು ಹಣಿ ಮುಟ್ಟಿ ನೋಡತೈತೇನು? ಹೋಗ್ಲಿ, ನಾಳೆ ಕಳಸಾಕರ ಯಾರ ಬರ್ತಾರ?"

"ಎಲ್ಲಾರೂ ಬರ್ತಾರವ್ವ."

ಬೆಳಗಿನ ವಿಮಾನ. ತಪಾಸಣೆ ದಾಟಿದ ಮೇಲೆ ರೂಢಿಯಂತೆ ಗಾಜಿನತ್ತ ತಿರುಗಿದೆ. ಅಷ್ಟು ಸಲ ಈಚೆ ನಿಂತವಳಿಗೆ ಆಚೆಯಿಂದ ಆ ಜಾಗ ಹೇಗೆ ಕಾಣುತ್ತದೆ ಎಂದು ಗೊತ್ತೇ ಇರಲಿಲ್ಲ. ಜನ ಸಾಲುಗಟ್ಟಿ ನಿಂತು, ತಮ್ಮ ತಮ್ಮವರಿಗೆ ಕೈ ಬೀಸುತ್ತಿದ್ದರು. ಅಷ್ಟರಲ್ಲಿ ಅವ್ವನ ವಿಡಿಯೋ ಕಾಲ್. ಗದಗಿನಲ್ಲಿ ಆಗಷ್ಟೇ ಬೆಳಕು ಹರಿದಿತ್ತು. ಅವ್ವ ಇಸ್ತ್ರಿ ಪೆಟ್ಟಿಗೆಗೆ ಇದ್ದಿಲು ತುಂಬುತ್ತಿದ್ದಳು.

"ಎಲ್ಲೆದಾರ ನಿನ್ನ ಮಂದಿ? ತೋರ್ಸು."

ಫೋನನ್ನು ಗಾಜಿನ ಕಡೆ ತಿರುಗಿಸಿದೆ.

"ಯವ್ವಾ, ಇಷ್ಟ ಮಂದಿ ಬಂದಾರೇನ!" ಅವ್ವ ಮಸಿ ಹತ್ತಿದ ಕೈಯನ್ನು ಸೀರೆಗೆ ಒರೆಸಿಕೊಂಡು, ಗುರುತಿಲ್ಲದ ಆ ಜನಕ್ಕೆಲ್ಲ ಕೈ ಬೀಸತೊಡಗಿದಳು. ಬೀಸುತ್ತಿದ್ದ ಕೈ ನಿಧಾನವಾಯಿತು. "ಅವರು ಯಾರೂ ನಿನ್ನ ಕಡೆ ನೋಡವಲ್ರಲ್ಲ?"

ಫೋನನ್ನು ತಿರುಗಿಸಿ ಅವಳಿಗೆ ಮುಖ ತೋರಿಸಲು ನನ್ನಿಂದ ಆಗಲಿಲ್ಲ. ಪೆಟ್ಟಿಗೆಯ ಮುಚ್ಚಳ ಹಾಕಿದ ಸದ್ದು ಕೇಳಿಸಿತು.

"ಆತು ಬಿಡು. ಚೀಲ ತಗೋ. ನೀ ನಡಿ, ನಾ ನಿಂತೀನಿ."

ನಡೆದೆ. ಗೇಟು ದೂರವಿತ್ತು. ಫೋನು ನೋಡಿದಾಗೆಲ್ಲ ಅವ್ವನ ಮುಖ ಅಲ್ಲೇ ಇತ್ತು. ಆ ಕಡೆ ಯಾರೋ ಪ್ಯಾಂಟು ಕೊಡು ಎಂದು ಅವಸರ ಮಾಡುತ್ತಿದ್ದರು. "ತಡೀರಿ ಯಪ್ಪಾ, ಮಗಳು ಹೊಂಟಾಳ," ಎಂದಳು ಅವ್ವ, ಮುಖ ಆಚೆ ತಿರುಗಿಸದೆಯೇ.

ವಿಮಾನದಲ್ಲಿ ಕೂತ ಮೇಲೆ ಫೋನ್ ಬಂದ್ ಮಾಡಲು ಹೇಳಿದರು.

"ಇಡವ್ವ ಇನ್ನ."

"ನೀ ಇಡು."

ನಾನೇ ಇಟ್ಟೆ.