ಅಕ್ಕನ ಕೈಯ ನೀರು

ಮಾದೇವ ಹೋದನಂತೆ...
ಬೆಳಿಗ್ಗೆ ಫೋನ್ ಬಂದಾಗ "ಯಾವ ಮಾದೇವ?" ಎಂದೇ ಕೇಳಿದೆ.
ಬೋಗಾದಿಯಲ್ಲಿ ನನ್ನ ಜೊತೆ ಬಾಡಿಗೆ ಮನೆ ತೋರಿಸುತ್ತಿದ್ದ ಬ್ರೋಕರ್ ಮಾದೇವ ಅಲ್ಲ ತಾನೆ...
ಅವನೇ.

ಅವನ ಅಕ್ಕ ಜಯಮ್ಮ ಕಿಡ್ನಿ ಕೊಟ್ಟು ಇನ್ನೂ ವರ್ಷ ತುಂಬಿಲ್ಲ.
ಕಿಡ್ನಿಯ ಜೊತೆ ಒಂದು ವೈರಸ್ಸೂ ಬಂದಿತ್ತು. ಅಕ್ಕನ ಮೈಯಲ್ಲಿ ಎಷ್ಟೋ ಕಾಲದಿಂದ ಮಲಗಿದ್ದದ್ದು. ಅವರಿಗೆ ಅದರ ಸುಳಿವೂ ಇರಲಿಲ್ಲ.
ನಮ್ಮಲ್ಲಿ ಬಹಳ ಜನರ ಮೈಯಲ್ಲಿ ಹೀಗೇ ಮಲಗಿರುತ್ತದಂತೆ...
ಡಾಕ್ಟರ್ ಆಪರೇಷನ್‌ಗೆ ಮೊದಲೇ ಕೂರಿಸಿ ಹೇಳಿದ್ದರು. ಹೊಸ ಕಿಡ್ನಿಯನ್ನು ದೇಹ ತಳ್ಳದಿರಲಿ ಎಂದು ಕೊಡುವ ಔಷಧಿ ಮೈಯ ಕಾವಲನ್ನು ಮಂಕು ಮಾಡುತ್ತದೆ. ಆಗ ಮಲಗಿದ್ದದ್ದು ಏಳಬಹುದು.
ತಡೆಯಲು ಮಾತ್ರೆ ಕೊಟ್ಟರು. ತಡೆಯಿತು...
ಕೊನೆಗೆ ತಡೆಯಲಿಲ್ಲ.

ಮಾದೇವ, ನೆನಪಿದೆಯೇನೋ? ಅಂದು ಡಾಕ್ಟರ್ ರೂಮಿನಿಂದ ಹೊರಗೆ ಬಂದು ನೀನೇ ನಕ್ಕೆ.
"ಅಕ್ಕನ ಮನೇಲಿ ಸದ್ದಿಲ್ದೆ ಇದ್ದ ಬಾಡಿಗೆಯವನು ಕಣೋ. ಮನೆ ಜೊತೆ ಅವನೂ ನಂಗೇ ಬತ್ತಾನಂತೆ. ಬರ್ಲಿ ಬುಡು, ಮನೆ ಸಿಕ್ತಲ್ಲ!"
ಡಯಾಲಿಸಿಸ್ ಕಾಲದಲ್ಲಿ ನೀರನ್ನು ಗುಟುಕು ಲೆಕ್ಕದಲ್ಲಿ ಕುಡಿಯುತ್ತಿದ್ದವನು ನೀನು. ಅಕ್ಕನ ಕಿಡ್ನಿ ಬಂದ ಮೇಲೆ ಚೊಂಬು ಎತ್ತಿ ಗಟಗಟ ಕುಡಿದೆ...
ಆ ಮುಖ ಮರೆಯಲಾರೆ.

ಇನ್ನು ಅಸಹ್ಯದ ಮಾತು.
ಇವತ್ತು ಮಧ್ಯಾಹ್ನ ಅವನ ಬಾಯಿಗೆ ನೀರು ಬಿಡಲು ಜಯಕ್ಕ ಲೋಟ ಹಿಡಿದರು. ಅವರ ದೊಡ್ಡಣ್ಣ ಕಸಿದುಕೊಂಡ.
"ನೀ ಕೊಟ್ಟಿದ್ದು ಸಾಲ್ದಾ? ರೋಗ ಕೊಟ್ಟ ಕೈ ಕಣೇ ಅದು. ಅತ್ಲಾಗಿರು!"
ಸುತ್ತ ನಿಂತ ನೆಂಟರು ತಲೆಯಾಡಿಸಿದರು. ಥೂ...
ಕಿಡ್ನಿ ಬೇಕೆಂದಾಗ ಇವರಲ್ಲಿ ಒಬ್ಬರೂ ಟೆಸ್ಟ್‌ಗೆ ತೋಳು ಚಾಚಲಿಲ್ಲ. ಒಬ್ಬರಿಗೆ ಇಲ್ಲದ ಶುಗರ್ ಬಂತು, ಇನ್ನೊಬ್ಬರಿಗೆ ಮಗಳ ಮದುವೆ ನೆನಪಾಯಿತು. ದೊಡ್ಡಣ್ಣನ ಫೋನ್ ಸ್ವಿಚ್ ಆಫ್.
ನಾನು ಮರೆಯುವ ಗಿರಾಕಿಯಲ್ಲ.

ಜಯಕ್ಕ ಅಳಲೂ ಇಲ್ಲ. ಖಾಲಿ ಕೈ ನೋಡಿಕೊಂಡು ನಿಂತರು...
ಆಗ ಎದ್ದವಳು ಮಾದೇವನ ಹೆಂಡತಿ ಸುಧಾ. ಭಾವನ ಕೈಯಿಂದ ಲೋಟ ತೆಗೆದುಕೊಂಡಳು.
"ಬನ್ನಿ ಅತ್ತಿಗೆ. ನಿಮ್ ತಮ್ಮ ಹೊಟ್ಟೆ ತುಂಬ ನೀರು ಕುಡಿದಿದ್ದೇ ನಿಮ್ಮಿಂದ. ಮೊದ್ಲು ನೀವೇ ಬಿಡಿ."
ಜಯಕ್ಕ ಬಾಗಿ ತಮ್ಮನ ಬಾಯಿಗೆ ನೀರು ಬಿಟ್ಟರು.

ಕೆಳಗೆ ಕಾಮೆಂಟ್‌ನಲ್ಲಿ "ಪಾಪ, ಅಕ್ಕನಿಂದಲೇ ಅಂತೆ" ಎಂದು ಬರೆಯಲು ಬೆರಳು ಎತ್ತಿ ಕೂತವರೇ, ನಿಮ್ಮ ಕೈಮುಗಿದ ಇಮೋಜಿಯನ್ನೂ ನಿಮ್ಮಲ್ಲೇ ಇಟ್ಟುಕೊಳ್ಳಿ.

ಹೋಗು ಮಾದೇವ...
ಅಕ್ಕನ ಕೈಯ ನೀರು ಕುಡಿದೇ ಹೊರಟೆ.
ನಿನ್ನ ಜೀವ ತಣ್ಣಗಿರಲಿ.